ಅವನ ಒಂದು ಮಾತಿಗೆ ನಿಂತ ನರ್ಸಿಂಗ್ ಸೀಟು

"ಒಂಬತ್ತನೇ ಕ್ಲಾಸಿಗೇ ಇಸ್ಕೂಲ್ ಬುಟ್ಟೋನು ನೀನು! ಡಿಗ್ರಿ ಓದಿದ್ರೆ ಗಿಟ್ಟುತ್ತೋ ಇಲ್ವೋ ಅಂತ ಹೇಳಕ್ಕೆ ನೀನ್ಯಾರು? ಟಗರಿನ ರೇಟು ಕೇಳಿದ್ರೆ ಹೇಳು, ಹೋಗು!"

ಅಕ್ಕೂರಿನ ಹಾಲಿನ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಕುಸುಮಳ ಮುಖ ಕೆಂಡದಂತಾಗಿತ್ತು. ಎದುರಿಗೆ ನಿಂತಿದ್ದ ತಿಮ್ಮೇಶ ಟೀಗೆ ಅರ್ಧ ಲೀಟರ್ ಹಾಲು ಕೊಳ್ಳಲು ಬಂದವನು, ಚೊಂಬು ಹಿಡಿದ ಕೈಯನ್ನು ಮೇಲೆತ್ತಲೂ ಇಲ್ಲ, ಕೆಳಗಿಳಿಸಲೂ ಇಲ್ಲ.

"ಟಗರೂ ಹಿಂಗೆ ಗುದ್ದಕ್ಕಿಲ್ಲ ಕಣ್ಲಾ!" ಸಾಲಿನ ಕೊನೆಯಿಂದ ಯಾರೋ ಅಂದರು. ನಗು ಎದ್ದಿತು.

ತಿಮ್ಮೇಶ ನಗಲಿಲ್ಲ. "ನಾನು ಹಂಗಂದೆ ಅಂತ ಯಾರು ಹೇಳಿದ್ರು ನಿಂಗೆ?"

"ನಮ್ಮ ಮುತ್ತುರಾಜ ಮಾವ! ಸುಳ್ಳಾ?"

 ಅವನ ಕಣ್ಣು ಉರಿಯುತ್ತಿತ್ತು. ಹಾಲನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಕುಸುಮ ಗೆದ್ದಿದ್ದಳು. ಆದರೂ ಎದೆಯೊಳಗೆ ಯಾಕೆ ಹೀಗೆ ಚುಚ್ಚುತ್ತಿದೆ...?

ಮಾಗಡಿ ಕಡೆಯ ಕಲ್ಯದವನು ತಿಮ್ಮೇಶ. ವರ್ಷಕ್ಕೊಮ್ಮೆ ಕುರಿ ಮಂದೆ ಹೊಡೆದುಕೊಂಡು ಅಕ್ಕೂರಿಗೆ ಬರುತ್ತಿದ್ದ. ಹಿಪ್ಪುನೇರಳೆ ಕಡ್ಡಿ ಕತ್ತರಿಸಿದ ತೋಟದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಅವನಿಗೆ ರಾಗಿ. ಕುಸುಮಳ ಅಪ್ಪ ಚಿಕ್ಕಯ್ಯನ ತೋಟಕ್ಕೆ ಇದು ಅವನು ಬಂದ ಮೂರನೇ ವರ್ಷ. ಮೊದಲ ವರ್ಷ ಕುಸುಮ ಅವನನ್ನು ನೋಡಿರಲಿಲ್ಲ. ಎರಡನೇ ವರ್ಷ ನೋಡಿದ್ದಳು. ಈ ವರ್ಷ ಯಾವತ್ತು ಬರುತ್ತಾನೆ ಅಂತ ದಾರಿ ಕಾದಿದ್ದಳು!

ಅಂಥವನು, ಅವಳ ಸೀಟಿಗೆ ಕಲ್ಲು ಹಾಕುವುದೇ?

ಪಿಯುಸಿ ಸೈನ್ಸ್ ಮುಗಿಸಿದ್ದ ಕುಸುಮಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತ್ತು. ಮೊದಲ ವರ್ಷದ ಫೀಸು ಕಟ್ಟಲು ಶನಿವಾರ ಕೊನೆ. ಚಿಕ್ಕಯ್ಯ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ಅವನು ರೇಷ್ಮೆ ಬೆಳೆಯುವವನು. ಹುಳು ತಂದು ತಿಂಗಳೊಳಗೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕು, ಕೈಗೆ ಕಾಸು ಬರಬೇಕು. ಲಾಭ ನಷ್ಟ ಏನೇ ಇರಲಿ, ತಿಂಗಳಿಗೆ ಗೊತ್ತಾಗಬೇಕು. ನಾಲ್ಕು ವರ್ಷ ಬರೀ ಸೊಪ್ಪು ಹಾಕುತ್ತಲೇ ಇರುವ ಬೆಳೆ ಅವನ ತಲೆಗೆ ಹತ್ತುತ್ತಿರಲಿಲ್ಲ.

ಅವನಿಗೆ ಗೊತ್ತಿದ್ದ ನರ್ಸ್ ಒಬ್ಬಳೇ. ತಿಮ್ಮೇಶನ ಅಕ್ಕ ವರಲಕ್ಷ್ಮಿ.

"ಅವರು ಓದ್ಸವ್ರೆ. ಗಿಟ್ಟಿತೋ ಇಲ್ವೋ ಅವನ ಬಾಯಲ್ಲೇ ಕೇಳಾನ," ಎಂದಿದ್ದ ಚಿಕ್ಕಯ್ಯ.

ಅಂದು ಸಂಜೆಯೇ ಅವನನ್ನು ಮನೆಗೆ ಕರೆಸಿದರು.

ಕುಸುಮ ಹುಳದ ಮನೆಯಲ್ಲಿದ್ದಳು. ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಜ್ಜಾಗುವ ಹೊತ್ತು. ಕಿಟಕಿಗೆ ಬಿಗಿದ ನೊಣದ ಪರದೆಯ ಆಚೆ ಜಗಲಿ. ಅಪ್ಪ, ಮಾವ, ಎದುರಿಗೆ ಕಂಬಕ್ಕೆ ಒರಗಿ ನಿಂತ ತಿಮ್ಮೇಶ. ಅವಳ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು.

'ಬೆಳಿಗ್ಗೆ ಊರ ಮುಂದೆ ಮಾನ ಕಳೆದವಳು ನಾನು. ಈಗ ನನ್ನ ಹಣೆಬರಹ ಇವನ ನಾಲಿಗೆ ಮೇಲೆ! ಬಿಡ್ತಾನಾ...?'

"ಕುತ್ಕಳಪ್ಪ," ಅಂದ ಚಿಕ್ಕಯ್ಯ.

"ಪರ್ವಾಗಿಲ್ಲ, ಕೇಳಿ ಯಜಮಾನ್ರೇ."

ಮುತ್ತುರಾಜು ಮುಂದೆ ಬಾಗಿದ. "ಅವನೇನ್ ಹೇಳ್ತಾನೆ ಭಾವ, ಮೊನ್ನೆ ನಾನ್ ಕೇಳಿದ್ಕೇ 'ಥೂ, ಆ ಮಾತು ಎತ್ಬ್ಯಾಡಿ' ಅಂದ. ಗಿಟ್ಟಿದ್ರೆ ಹಂಗಂತಿದ್ನಾ? ಹಾಸ್ಟೆಲ್ಲೂ ಸೇರಿ ಆರೇಳು ಲಕ್ಷ. ಆಮೇಲೆ ಯಾವ್ದೋ ನರ್ಸಿಂಗ್ ಹೋಮಲ್ಲಿ ಹದಿನೆಂಟು ಸಾವ್ರ ಸಂಬ್ಳ, ನೈಟ್ ಡ್ಯೂಟಿ. ಆ ಸಂಬ್ಳನೂ ಕೊನೆಗೆ ಗಂಡನ ಮನೆಗೆ! ಅಷ್ಟು ದುಡ್ಡು ಹಾಕಿ ಬೇರೆಯೋರ ಮನೆ ತುಂಬ್ಸೋದಾ?"

ಕುಸುಮಳಿಗೆ ತಲೆ ಗಿರ್ರೆಂದಿತು. 'ಎತ್ಬ್ಯಾಡಿ' ಅಂದಿದ್ದನಾ? ಅಷ್ಟೇನಾ? 'ಗಿಟ್ಟಕ್ಕಿಲ್ಲ' ಅಂದಿರಲೇ ಇಲ್ಲವಾ...?

ಚಿಕ್ಕಯ್ಯ ಕೈಯೆತ್ತಿ ಬಾಮೈದನನ್ನು ಸುಮ್ಮನಾಗಿಸಿದ. "ನೋಡು ತಿಮ್ಮೇಶ, ನೇರವಾಗೇ ಹೇಳ್ತೀನಿ. ನಂಗೆ ಗಂಡುಮಕ್ಳಿಲ್ಲ. ನೀನು ನಮ್ಮೋನು, ದುಡಿಯೋನು. ನರ್ಸಿಂಗು ಗಿಟ್ಟಕ್ಕಿಲ್ಲ ಅಂತ ನಿನ್ನ ಬಾಯಲ್ಲಿ ಬಂದ್ರೆ ಇವತ್ತೇ ಆ ಮಾತು ಬುಟ್ಬುಡ್ತೀನಿ. ಹುಡ್ಗಿನ ನಿಂಗೇ ಕೊಡ್ತೀನಿ. ತೋಟನೂ ನೀನೇ ನೋಡ್ಕಳಪ್ಪ."

ಕುಸುಮ ಪರದೆಯನ್ನು ಹಿಡಿದುಕೊಂಡಳು. 

ಒಂದು ಕಡೆ ಬೆಳಗಿನ ಅವಮಾನಕ್ಕೆ ಸೇಡು. ಇನ್ನೊಂದು ಕಡೆ ಹೆಣ್ಣು, ತೋಟ. ಅವನು ಒಂದು ಮಾತು ಅಂದರೆ ಸಾಕಿತ್ತು. ಇದಕ್ಕಿಂತ ದೊಡ್ಡ ನಾಚಿಕೆಗೇಡು ಅಂದರೆ, ಆ ಕ್ಷಣ ಅವಳ ಮನಸ್ಸಿನ ಒಂದು ಮೂಲೆ 'ಅನ್ನಲಿ' ಎಂದಿತ್ತು! ಅನ್ನಲಿ... ಅವನ ಜೊತೆ ಇರಬಹುದಲ್ಲ! ಮರುಕ್ಷಣವೇ ಬಿಳಿ ಕೋಟು ಕಣ್ಣ ಮುಂದೆ ಬಂದು ಕಣ್ಣೀರು ಚಿಮ್ಮಿತು. ಬೇಡ, ಅನ್ನಬೇಡ!

ತಿಮ್ಮೇಶ ಕಂಬ ಬಿಟ್ಟು ನೆಟ್ಟಗೆ ನಿಂತ.

"ನಮಗೆ ಗಿಟ್ಟಲಿಲ್ಲ," ಎಂದ.

ಮುತ್ತುರಾಜು ತೊಡೆ ತಟ್ಟಿದ. "ಕೇಳುದ್ಯಾ ಭಾವ?"

"ಒಸಿ ಸುಮ್ನಿರಿ!" ತಿಮ್ಮೇಶನ ದನಿಗೆ ಜಗಲಿ ಅದುರಿತು. "ಕೇಳುದ್ರಲ್ಲ? ಪೂರ್ತಿ ಕೇಳಿ. ನಮ್ಮಕ್ಕನ ಫೀಜಿಗೆ ನಮ್ಮಪ್ಪ ಕುರಿ ಮಾರ್ದ. ಮಂದೆ ಹಿಂದೆ ಆಳು ಇಟ್ರೆ ಕೂಲಿ ಕೊಡ್ಬೇಕು, ಅದ್ಕೆ ನನ್ನ ಇಸ್ಕೂಲ್ ಬುಡಿಸ್ದ. ನಂಗೆ ಇಷ್ಟ ಇತ್ತು ಓದೋದು! ಹತ್ತನೇ ಕ್ಲಾಸ್ ಬುಕ್ಕು ಇಸ್ಕಂಡಿದ್ದೆ ಅವತ್ತಿಗೆ. ಓದಿ ಮುಗ್ಸಿದ್ಲು ನಮ್ಮಕ್ಕ. ಮೊದ್ಲು ಹದ್ನಾಲ್ಕು ಸಾವ್ರ ಸಂಬ್ಳ. ಅಪ್ಪ ಬಾಗ್ಲಲ್ಲಿ ಕುತ್ಕಂಡು ದುಡ್ಡು ಬತ್ತದೆ ಅಂತ ಕಾಯ್ತಿದ್ದ. ಬರ್ಲಿಲ್ಲ. ಅವಳೇ ಒಬ್ಬನ್ನ ನೋಡ್ಕಂಡು ಮದ್ವೆ ಆದ್ಲು. ನಾನು ಅವಳ ಜೊತೆ ಮಾತು ಬುಟ್ಟು ನಾಲ್ಕು ವರ್ಷ ಆಯ್ತು. ಸಿಟ್ಟು ಇವತ್ತಿಗೂ ಹೋಗಿಲ್ಲ!"

"ಮತ್ತೆ?" ಅಂದ ಚಿಕ್ಕಯ್ಯ ಮೆಲ್ಲಗೆ.

"ಹೋದ ವರ್ಷ ಆ ಗಂಡ ಕುಡಿದು ಕೈ ಮಾಡ್ದ. ಬೆಳಿಗ್ಗೆ ಬ್ಯಾಗು ತಗಂಡು ಆಚೆ ಬಂದ್ಲು. ನಮ್ಮ ಮನೆ ಬಾಗ್ಲಿಗೆ ಬರ್ಲಿಲ್ಲ ಯಜಮಾನ್ರೇ. ಯಾರ ಹತ್ರನೂ ಅಳ್ಲಿಲ್ಲ. ಬಾಡಿಗೆ ರೂಮು ಹಿಡಿದ್ಲು, ಡ್ಯೂಟಿಗೆ ಹೋದ್ಲು. ಈಗ ಮೂವತ್ತು ಸಾವ್ರದ ಮೇಲೆ ಐತೆ ಸಂಬ್ಳ. ನಮ್ಮ ಚಿಕ್ಕಮ್ಮಂಗೂ ಅಂಥದೇ ಗಂಡ. ಮೂರು ಸಲ ತವರಿಗೆ ಓಡಿ ಬಂದ್ಲು. ಮೂರು ಸಲನೂ ನಾವೇ ಕರ್ಕೊಂಡೋಗಿ ಬುಟ್ಬಂದ್ವಿ. ಓದಿರ್ಲಿಲ್ಲ, ಎಲ್ಲೋಯ್ತಾಳೆ?"

ಅವನು ನೇರವಾಗಿ ಚಿಕ್ಕಯ್ಯನ ಕಡೆ ತಿರುಗಿದ.

"ನಮಗೆ ಗಿಟ್ಟಲಿಲ್ಲ. ಅವಳಿಗೆ ಗಿಟ್ತು. ನೀವು ಯಾರಿಗೆ ಅಂತ ಓದುಸ್ತೀರಿ, ಅದು ನಿಮಗೆ ಬುಟ್ಟಿದ್ದು. ನನ್ನ ಕೇಳುದ್ರೆ... ಕಳ್ಸಿ."

"ನಮ್ಮ ಕೈಗೆ ಒಂದು ಕಾಸೂ ಬರ್ದೇ ಇದ್ರೆ?"

"ಬರ್ದೇನೂ ಇರ್ಬೋದು."

"ಹುಡ್ಗಿ ಬ್ಯಾಡ್ವೇನ್ಲಾ ನಿಂಗೆ?" ಮುತ್ತುರಾಜು ಕೆಣಕಿದ. "ಮುಂದಕ್ಕೆ ನಿನ್ನಂಥೋನ ಕಡೆ ತಿರುಗೂ ನೋಡಕ್ಕಿಲ್ಲ ಅವಳು!"

ತಿಮ್ಮೇಶ ಅವನ ಕಡೆ ನೋಡಲೂ ಇಲ್ಲ. ಜಗಲಿ ಇಳಿದು ತೋಟದ ಕಡೆ ನಡೆದ.

ಚಿಕ್ಕಯ್ಯ ತಲೆ ತಗ್ಗಿಸಿ ಕುಳಿತಿದ್ದ. ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡದೆಯೇ ಕೇಳಿದ, "ಅವ್ವಾ ಕುಸುಮ... ಆ ಫೀಜು ಬ್ಯಾಂಕಲ್ಲೇ ಕಟ್ಬೇಕಾ, ಇಲ್ಲ ಕಾಲೇಜಿಗೇ ಹೋಗ್ಬೇಕಾ?"

ಆ ಮಾತು ಕೇಳುತ್ತಲೇ ಕುಸುಮ ಹಿಂಬಾಗಿಲಿನಿಂದ ಓಡಿದ್ದಳು!

ತಿಮ್ಮೇಶ ತೋಟದಲ್ಲಿ ಮಂದೆಯ ಸುತ್ತ ಬೇಲಿಯಂತೆ ಕಟ್ಟಿದ್ದ ಬಲೆ ಬಿಚ್ಚುತ್ತಿದ್ದ. ಇನ್ನೂ ಎರಡು ರಾತ್ರಿ ನಿಲ್ಲಿಸಬೇಕಿದ್ದ ಮಂದೆ!

"ಹೊಂಟ್ಯಾ?"

"ಹೂಂ. ಬೈರಮಂಗಲದ ಕಡೆ ಒಬ್ರು ಕರೆದವ್ರೆ."

"ತಿಮ್ಮೇಶ... ಬೆಳಿಗ್ಗೆ ನಾನು ಅಂದಿದ್ದು..."

"ಸುಳ್ಳೇನಲ್ಲವಲ್ಲ. ಬುಟ್ಟೋನೇ ನಾನು."

"ಯಾಕೆ ಬುಟ್ಟೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೋ!" ಅವಳಿಗೆ ಅಳು ಬಂತು. "ಬೈಯಿ ನನ್ನ. ಎರಡು ಮಾತು ಬೈದುಬುಡು!"

"ಬೈಯಕ್ಕೆ ಬತ್ತದೆ ನಂಗೆ, ಚೆನ್ನಾಗೇ ಬತ್ತದೆ," ಎಂದ ಅವನು, ಬಲೆ ಸುತ್ತುತ್ತಲೇ. "ನಿನ್ನ ಮುಂದೆ ಮಾತ್ರ ಬಾಯಿಗೇ ಬರಕ್ಕಿಲ್ಲ. ಏನ್ ಮಾಡಾದು?"

ಅಳುತ್ತಲೇ ನಕ್ಕುಬಿಟ್ಟಳು ಕುಸುಮ. ಅವನ ಮುಖವೂ ಒಂದಿಷ್ಟು ಸಡಿಲವಾಯಿತು.

"ಗಿಟ್ಟಕ್ಕಿಲ್ಲ ಅಂದಿದ್ರೆ ನಾನು ನಿನ್ನೋಳಾಗ್ತಿದ್ದೆ. ಆಸೆ ಆಗ್ಲಿಲ್ವಾ?"

"ಆಗ್ದೆ?" ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಬಾಯಿ ತುದಿಗೆ ಬಂದಿತ್ತು ಕುಸುಮ. ಆದ್ರೆ ನನ್ನ ಇಸ್ಕೂಲ್ ಬುಡಿಸ್ದಾಗ ನಂಗೆ ಹೆಂಗಾಗಿತ್ತು ಅಂತ ನಂಗೊಬ್ನಿಗೇ ಗೊತ್ತು. ಅದನ್ನ ನಿಂಗೆ ನಾನೇ ಮಾಡ್ಲಾ? ಆಮೇಲೆ ನೀನು ದಿನಾ ಹಾಕೋ ಮುದ್ದೆ ನನ್ನ ಗಂಟಲಲ್ಲಿ ಇಳೀತಿತ್ತಾ?"

ಕುಸುಮ ಹತ್ತಿರ ಬಂದಳು. ಅವನ ಹೆಗಲ ಮೇಲಿದ್ದ ಕಂಬಳಿಯ ತುದಿ ಹಿಡಿದಳು.

"ನಂಗೆ ನೀನು ಅಂದ್ರೆ ಇಷ್ಟ ತಿಮ್ಮೇಶ. ಹೋದ ವರ್ಷದಿಂದ್ಲೂ ಇಷ್ಟ. ಓದ್ತೀನಿ, ಕೆಲ್ಸಕ್ಕೂ ಸೇರ್ತೀನಿ... ಅಲ್ಲೀಗಂಟ ನನಗೋಸ್ಕರ ಕಾಯ್ತೀಯಾ?"

ತಿಮ್ಮೇಶ ಸುತ್ತಿದ ಬಲೆಯನ್ನು ಕೆಳಗಿಟ್ಟ. 

ಹೂಂ ಅಂದರೆ ಅವಳು ಕಟ್ಟುಬೀಳುತ್ತಾಳೆ. ಹೊಸ ಊರು, ಹೊಸ ಜನ, ಎಲ್ಲದರ ನಡುವೆ ಕಲ್ಯದ ಕುರಿ ಕಾಯುವವನಿಗೆ ಕೊಟ್ಟ ಮಾತೊಂದು ಅವಳ ಕಾಲೆಳೆಯುತ್ತದೆ. ಊಹೂಂ ಅನ್ನೋಣವೆಂದರೆ ಅವನ ಬಾಯಲ್ಲಿ ಅಂಥ ಸುಳ್ಳು ಬರುವುದಿಲ್ಲ.

ಕಂಬಳಿಯ ತುದಿ ಹಿಡಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಡಿಸಿದ ಕೈಯನ್ನು ಒಂದು ಗಳಿಗೆ ತನ್ನ ಅಂಗೈಯಲ್ಲೇ ಇಟ್ಟುಕೊಂಡ. ಬಲೆಯನ್ನು ಹೆಗಲಿಗೇರಿಸಿ, ಮಂದೆಗೆ ಸಿಳ್ಳೆ ಹಾಕಿದ.

"ತಿಮ್ಮೇಶ! ಕೇಳಿದ್ನಲ್ಲ... ಹೇಳೋ!"

ಕುರಿಗಳು ಎದ್ದವು. ಅವನು ಉತ್ತರ ಕೊಡದೆ ಅವುಗಳ ಹಿಂದೆ ನಡೆದುಹೋದ.