ಸಂದಿಲ್ಲದ ಮುಚ್ಚಳ

"ಮುಚ್ಚಳಕ್ಕೆ ಕೂದಲೆಳೆಯಷ್ಟಾದರೂ ಸಂದು ಬಿಡಪ್ಪಾ," ಎಂದಳು ಸಾಲೆಯಲ್ಲಿ ಬೆಳ್ಳಿ ಉಜ್ಜುವ ಮೌ ಅಜ್ಜಿ. "ಸತ್ತವರ ಪಾತ್ರೆ ಅದು. ಪೂರ್ತಿ ಆಗಬಾರದು."

ಕುವಾನ್ ತಲೆ ಎತ್ತಲಿಲ್ಲ. ದೂರದ ಚು ನಾಡಿನಿಂದ ಅರಸನ ಊರಾದ ಲಿಂಝಿಗೆ, ಅರಮನೆಯ ಬೆಳ್ಳಿ ಕೆಲಸದ ಸಾಲೆಗೆ ಬಂದು ಅವನಿಗಿನ್ನೂ ಮೂರು ತಿಂಗಳು. ಹೆಂಡತಿಯನ್ನು ಊರಲ್ಲೇ ಮಣ್ಣು ಮಾಡಿ, ಆರು ವರ್ಷದ ಆತಾವ್‌ಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದವನು. ಆ ಮಗಳನ್ನು ಬಿಟ್ಟರೆ ಅವನಿಗೆ ಲೋಕದಲ್ಲಿ ತನ್ನದು ಅನ್ನುವುದು ಏನೂ ಇರಲಿಲ್ಲ. ಈಗ ಅರಸನ ತೀರಿಹೋದ ಕಿರಿಮಗಳ ಜತೆ ಗೋರಿಗಿಳಿಯುವ ಬೆಳ್ಳಿ ಕರಡಿಗೆಯ ಕೆಲಸ ಅವನ ಕೈಗೆ ಬಂದಿತ್ತು. ಮೈಸುತ್ತ ಬೆಳ್ಳುಳ್ಳಿ ಎಸಳಿನಂಥ ಉಬ್ಬುಗಳು. ಮುಚ್ಚಳದ ಮೇಲೆ ಚಿನ್ನದ ನೀರು ಕುಡಿದ ಮೋಡಗಳು, ಮೋಡಗಳ ನಡುವೆ ಮೈ ಸುರುಳಿಸಿದ ಡ್ರ್ಯಾಗನ್.

ಅಜ್ಜಿ ಹುಳಿಹಣ್ಣಿನ ರಸದಲ್ಲಿ ಬೆಳ್ಳಿ ಉಜ್ಜುತ್ತಲೇ ಹೇಳಿದಳು. ಗೋರಿಗೆ ಹೋಗುವ ತಂತಿವಾದ್ಯಕ್ಕೆ ಇಲ್ಲಿ ಯಾರೂ ಶ್ರುತಿ ಹಿಡಿಯುವುದಿಲ್ಲ, ಮಣ್ಣಿನ ಗಡಿಗೆಯನ್ನು ಪೂರ್ತಿ ಸುಡುವುದಿಲ್ಲ. ಪೂರ್ತಿಯಾದ ಪಾತ್ರೆ ಬದುಕಿರುವವರದು. ಅದು ಮಣ್ಣಿನೊಳಗೆ ಬರಿಗೈಲಿ ಹೋಗುವುದಿಲ್ಲ, ಬದುಕಿರುವವರದೇನನ್ನೋ ಜತೆಗೆ ಒಯ್ಯುತ್ತದೆ.

"ನಿಮ್ಮೂರೋರಿಗೆ ಮುಚ್ಚಳ ಕೂರಿಸೋಕೆ ಬರಲ್ಲ ಅಂತ ಹೇಳು ಅಜ್ಜಿ. ಅದಕ್ಕೆ ಶಾಸ್ತ್ರ ಬೇರೆ," ಎಂದು ನಕ್ಕ ಕುವಾನ್.

ಉಗುರೂ ಹೋಗದಷ್ಟು ಬಿಗಿಯಾಗಿ ಕೂರಿಸಿದ. ಇನ್ನು ಪರೀಕ್ಷೆ. ಚು ನಾಡಿನವರು ಪಾತ್ರೆಯೊಳಗೆ ಬಿಸಿಯುಸಿರು ಬಿಟ್ಟು ಮುಚ್ಚುತ್ತಾರೆ. ನೂರು ಎಣಿಸಿ ತೆರೆದಾಗ ಬೆಳ್ಳಿಯ ಮೇಲೆ ಆವಿ ಹಾಗೇ ಇದ್ದರೆ ಕೆಲಸ ಗೆದ್ದ ಹಾಗೆ. ಅವನ ಉಸಿರಲ್ಲಿ ಇದ್ದಿಲ ಮಸಿ. ಮಗಳನ್ನು ಕರೆದ.

"ಮೆಲ್ಲಗೆ ಬಿಡು ಪುಟ್ಟಿ. ಗೊಂಬೆಗೆ ಮುತ್ತು ಕೊಟ್ಟ ಹಾಗೆ."

ಹಾ ಎಂದಳು ಆತಾವ್. ಮುಚ್ಚಳ ಟಕ್ಕೆಂದು ಕೂತಿತು. ನೂರು ಎಣಿಸುವ ಮೊದಲೇ ಅರಮನೆಯವರು ಬಾಗಿಲಲ್ಲಿದ್ದರು. ತೆರೆದು ನೋಡಬೇಕೇ? ಅವನ ಕೈಗೆ ಗೊತ್ತಿತ್ತು. ಹಾಗೇ ಕೊಟ್ಟುಬಿಟ್ಟ.

"ಅಪ್ಪಾ, ನನ್ನ ಉಸಿರು ಒಳಗೇ ಉಳೀತು."

"ರಾಜಕುಮಾರಿಗೆ ನಿನ್ನ ಉಡುಗೊರೆ ಅಂದ್ಕೋ," ಎಂದು ಅವಳ ಮೂಗು ಹಿಂಡಿದ.

ಮಣ್ಣು ಮಾಡುವ ದಿನ ಆತಾವ್ ನವಣೆ ಗಂಜಿ ಮುಟ್ಟಲಿಲ್ಲ. ತುಟಿ ಬೆಳ್ಳಗಾಗಿತ್ತು, ಉಜ್ಜಿದ ಬೆಳ್ಳಿಯ ಹಾಗೆ. ಬಾಯಿಂದ ಹಸಿಮಣ್ಣಿನ ವಾಸನೆ. ಹೊತ್ತೇರುತ್ತಿದ್ದಂತೆ ಉತ್ತರದ ದಿಬ್ಬದಿಂದ ಗೋರಿಯ ಮೇಲೆ ಮಣ್ಣು ಹಾಕಿ ದಿಮ್ಮಿಸುವ ಸದ್ದು ಕೇಳಿಬಂತು. ಧಪ್. ಧಪ್. ಒಂದೊಂದು ಸದ್ದಿಗೂ ಮಗುವಿನ ಎದೆ ಒಂದೊಂದು ಬೆರಳಗಲ ಕುಸಿಯುತ್ತಿತ್ತು.

ಬಾಗಿಲಿಗೆ ಬಂದ ಮೌ ಅಜ್ಜಿ ನಿಂತಲ್ಲೇ ಕೇಳಿದಳು. "ಯಾರ ಉಸಿರು ಹಾಕಿ ನೋಡಿದೆ?"

ಕುವಾನ್ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮಗುವನ್ನು ಅವಳ ಮಡಿಲಿಗೆ ಹಾಕಿ ಓಡಿದ.

ಓಡಿದ. ಉಳಿ ಸೊಂಟದಲ್ಲಿತ್ತು. ಒಂದೇ ಒಂದು ತೂತು ಸಾಕು. ಸೂಜಿಮೊನೆಯಷ್ಟು ಸಾಕು. ಧೂಳು. ಬಿಳಿಬಟ್ಟೆಯ ಜನ. ಧಪ್. ಕಾವಲಿನವರು ಅಡ್ಡ ಬಂದರು. ಮುಚ್ಚಳ ತೆಗೀರಿ ಎಂದು ಬೇಡಿಕೊಂಡ. ಭಲ್ಲೆಯ ಹಿಡಿ ಬೆನ್ನಿಗೆ ಬಿತ್ತು. ಧಪ್. ಹೊಂಡವೇ ಇರಲಿಲ್ಲ. ನೆಲ ಸಮವಾಗಿತ್ತು. ಅದರ ಮೇಲೆ ನೂರು ಜನ ದಿಮ್ಮಿಸುತ್ತಿದ್ದರು. ಧಪ್.

ಆಮೇಲೆ ಸದ್ದು ನಿಂತಿತು.

ಮನೆಗೆ ಬಂದಾಗ ಅಜ್ಜಿ ಉಸಿರು ನಿಂತ ಮಗುವನ್ನು ಚಾಪೆಯ ಮೇಲೆ ಮಲಗಿಸಿದ್ದಳು. ಆತಾವ್‌ಳ ಪುಟ್ಟ ಅಂಗಿಯನ್ನು ಮಡಿಸಿ ಅವನ ಕೈಗಿಟ್ಟಳು. ಹೋದ ಜೀವವನ್ನು ಮನೆಯವರು ಸೂರಿನ ಮೇಲೆ ಹತ್ತಿ ಮೂರು ಸಲ ಕರೆಯಬೇಕು. ಕಿವಿಗೆ ಬಿದ್ದರೆ ಅಂಗಿಯ ಗುರುತು ಹಿಡಿದು ವಾಪಸಾಗುತ್ತದಂತೆ.

ಸಂಜೆಗೆಂಪಿನಲ್ಲಿ ಕುವಾನ್ ಹತ್ತಿದ. ಉತ್ತರಕ್ಕೆ ಮುಖ ಮಾಡಿ ಅಂಗಿ ಬೀಸಿದ.

"ಆತಾವ್, ಬಾ ಮಗಳೇ."

ಗಾಳಿಯೂ ಅಲುಗಲಿಲ್ಲ.

"ಆತಾವ್, ಬಾ."

ಮೂರನೆಯ ಸಲ ಕರೆದ. ಆಗ ಕೇಳಿಸಿತು. ದಿಬ್ಬದ ಕಡೆಯಿಂದ, ಮಣ್ಣಿನಡಿಯಿಂದ, ಬೆಳ್ಳಿಗೆ ಬೆರಳು ತಾಗಿದಂಥ ಸಣ್ಣ ಸದ್ದು. ಅದರ ಹಿಂದೆ, ಮುಚ್ಚಿದ ಪಾತ್ರೆಯೊಳಗಿನ ಮಾತು.

"ಬರ್ತೀನಪ್ಪಾ. ಇದು ತೆಗಿಯೋಕೇ ಆಗ್ತಿಲ್ಲ."

ಕೆಳಗೆ ನಿಂತಿದ್ದ ಅಜ್ಜಿ ಕಿವಿ ಮುಚ್ಚಿಕೊಂಡಳು. ಕುವಾನ್ ಮಾತ್ರ ಕತ್ತಲಾಗುವವರೆಗೂ ಅಂಗಿ ಹಿಡಿದು ಅಲ್ಲೇ ಕೂತಿದ್ದ. ಮಗಳು ಒಳಗಿನಿಂದ ತಟ್ಟುತ್ತಲೇ ಇದ್ದಳು. ಅವನು ಕೂರಿಸಿದ ಮುಚ್ಚಳ. ಅದು ಎಷ್ಟು ಬಿಗಿ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?