ಚಟ್ಟದ ಮೇಲಿನ ದೊರೆಯ ಕಣ್ಣು

ಬಹಳ ಬಹಳ ಹಿಂದೆ, ಹೆಸರು ಹೇಳಿದರೂ ಈಗ ಯಾರೂ ನಂಬದ ಒಂದು ರಾಜ್ಯದಲ್ಲಿ, ಬಾಳವ್ವ ಅಂತ ಒಬ್ಬ ಹಗ್ಗ ಹೊಸೆಯುವವಳಿದ್ದಳು. ಮೂರು ದಿನದಿಂದ ಮಿಸುಕದೆ ಮಲಗಿದ್ದ ದೊರೆ ಮಹೀಧರ ತೀರಿಕೊಂಡನೆಂದು ಒಂದು ದಿನ ಡಂಗುರ ಸಾರಿದರು. ಹೆಣವನ್ನು ಚಟ್ಟಕ್ಕೆ ಬಿಗಿಯಲು ಬಾಳವ್ವನನ್ನೇ ಕರೆಸಿದರು. ಹಗ್ಗ ಎಳೆಯುತ್ತ ನೋಡುತ್ತಾಳೆ, ದೊರೆಯ ಕಣ್ಣು ಆಡುತ್ತಿದೆ!

"ಒಡೆಯಾ, ಬದುಕಿದ್ದರೆ ಮೇಲಕ್ಕೆ ನೋಡಿ," ಎಂದಳು ಮೆಲ್ಲಗೆ.

ದೊರೆ ಮೇಲಕ್ಕೆ ನೋಡಿದ. ಕೂಗಿ ಹೇಳಿದರೆ ಯಾರು ಕೇಳುತ್ತಾರೆ? ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ಮಾಂತ್ರಿಕ ಧೂಮ್ರಾಂಗ, ಹೆಣದ ಕಣ್ಣು ಆಡುವುದುಂಟು, ಹೊತ್ತು ಮುಳುಗುವ ಮುಂಚೆ ಸುಡಲೇಬೇಕು ಅಂತ ಆಗಲೇ ಅಂದುಬಿಟ್ಟಿದ್ದ.

ಬಾಳವ್ವ ತಾಯಿ ಸಾಯುವಾಗ ಕೊಟ್ಟಿದ್ದ, ಸೆರಗಿನ ಗಂಟಿನಲ್ಲಿದ್ದ ಮಾಯದ ಬೇರು ಅಗಿದಳು. ಸಾಸಿವೆಕಾಳಿನಷ್ಟಾಗಿ ದೊರೆಯ ಕತ್ತಿನ ಹಿಂದಿನ ಹೆಡಕಿನಿಂದ ಒಳಹೊಕ್ಕಳು.

ಅಲ್ಲೊಂದು ಮೂರಂತಸ್ತಿನ ಕಂಬ. ಮೇಲೆ ಮಿದುಳೆಂಬ ಮಹಾನಗರ, ಕೆಳಗೆ ಮೈ. ನಗರದ ಅಪ್ಪಣೆಯೆಲ್ಲ ಆ ಕಂಬದೊಳಗಿನ ಹಗ್ಗಗಳಲ್ಲೇ ಇಳಿಯಬೇಕು.

ಕೆಳಗಿನ ಅಂತಸ್ತಿನಲ್ಲಿ ಕಣ್ಣಿಲ್ಲದ ಮುದುಕಿಯೊಬ್ಬಳು ತಿದಿ ಒತ್ತುತ್ತಿದ್ದಳು. ಅದೇ ದೊರೆಯ ಉಸಿರು. ಮಾಂತ್ರಿಕನ ಮಾಯೆಗೆ ಸಿಕ್ಕಿದ್ದ ಆಕೆ, ಬಾಳವ್ವನ ಸತ್ತುಹೋದ ತಾಯಿಯ ದನಿಯಲ್ಲಿ, ಬಂದೆಯಾ ಮಗಳೇ ಅಂತ ಕರೆದಳು. ಕರೆಯುತ್ತಲೇ ತಿದಿ ನಿಧಾನವಾಯಿತು. ಮಾತಿಗೆ ನಿಂತರೆ ಉಸಿರೇ ನಿಂತೀತು. ಬಾಳವ್ವ ಅಳು ನುಂಗಿ ಮುಂದೆ ನಡೆದಳು. ಅಲ್ಲೇ ಕಂಡಳು, ಎಡದ ಹಗ್ಗ ಬಲಕ್ಕೆ, ಬಲದ್ದು ಎಡಕ್ಕೆ, ಅಡ್ಡ ಹಾಯ್ದು ಇಳಿಯುತ್ತಿದ್ದವು.

ನಡುವಿನ ಅಂತಸ್ತು ಒಂದು ಸೇತುವೆ. ಅಲ್ಲಿ ಧೂಮ್ರಾಂಗ ಬಿಟ್ಟಿದ್ದ ಕರಿಯ ಹಾವೊಂದು ಹಗ್ಗಗಳನ್ನೆಲ್ಲ ಕಡಿದು, ಸುರುಳಿ ಸುತ್ತಿ ನಿದ್ದೆಹೋಗಿತ್ತು. ಇಳಿಯಲಾಗದ ದೊರೆಯ ಮಾತುಗಳು ಅದರ ಮೇಲೆ ರಾಶಿಬಿದ್ದು, ಬದುಕಿದ್ದೇನೆ, ಬದುಕಿದ್ದೇನೆ ಎಂದು ಪಿಸುಗುಡುತ್ತಿದ್ದವು. ಬಾಳವ್ವ ಹಾವಿನ ತಣ್ಣನೆಯ ಬೆನ್ನನ್ನೇ ತುಳಿದು ಹತ್ತಿದಳು.

ಮೇಲಿನ ಅಂತಸ್ತಿನಲ್ಲಿ ಕಣ್ಣು ಆಡಿಸುವ ಕಾವಲುಗಾರರಿದ್ದರು. ಹಾವು ಅಲ್ಲಿಗೆ ಮುಟ್ಟಿರಲಿಲ್ಲ. ಅವರ ಕಿಂಡಿಯಿಂದ ಹೊರಗೆ ಇಣುಕಿದರೆ, ದೊರೆಯ ಬಲಮಗ್ಗುಲಲ್ಲಿ ಧೂಮ್ರಾಂಗ ಕೊಳ್ಳಿ ಹಿಡಿದು ನಿಂತಿದ್ದ.

ಎದ್ದೆನೋ ಬಿದ್ದೆನೋ ಎಂದು ಸೇತುವೆಗೆ ಇಳಿದಳು. ಹಾವು ಹೆಡೆಯೆತ್ತುತ್ತಿತ್ತು. ಒಂದೇ ಹಗ್ಗ ಹೆಣೆಯುವಷ್ಟು ಹೊತ್ತು. ಬೇಕಾದದ್ದು ಬಲಗೈ. ಬಲದ ಹಗ್ಗಕ್ಕೆ ಕೈಹಾಕಿದವಳು, ಕೆಳಗೆ ಅವು ಅಡ್ಡ ಹಾಯ್ದದ್ದು ನೆನಪಾಗಿ ತಟ್ಟನೆ ಬಿಟ್ಟು, ಎಡದ್ದರ ತುದಿಗಳನ್ನು ಸೇರಿಸಿ ಹೊಸೆದಳು.

ಚಟ್ಟದ ಮೇಲೆ ದೊರೆಯ ಬಲಗೈ ಎದ್ದು ಧೂಮ್ರಾಂಗನ ಮಣಿಕಟ್ಟು ಹಿಡಿಯಿತು. ಕೊಳ್ಳಿ ಅವನ ಮೇಲೆಯೇ ಬಿತ್ತು. ಮಾಂತ್ರಿಕ ಬೂದಿಯಾದ, ಒಳಗೆ ಹಾವು ಹೊಗೆಯಾಯಿತು. ಉಳಿದ ಹಗ್ಗಗಳನ್ನೂ ಹೆಣೆದು ಬಾಳವ್ವ ಹೊರಬಂದು ಮೊದಲಿನಂತಾದಳು.

ದೊರೆ ಎದ್ದು ಕೂತ. ಸುತ್ತ ನಿಂತ ನೆಂಟರನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಮೂರು ದಿನದಿಂದ ನೀವು ಆಡಿದ್ದೆಲ್ಲ ನನಗೆ ಕೇಳಿಸುತ್ತಿತ್ತು," ಎಂದ.

ಅರ್ಧಕ್ಕರ್ಧ ನೆಂಟರು ಅವತ್ತೇ ಊರು ಬಿಟ್ಟರು. ಉಳಿದವರೊಂದಿಗೆ ದೊರೆಯೂ ಬಾಳವ್ವನೂ ನೂರುಕಾಲ ಸುಖವಾಗಿದ್ದರು.