ಇಬ್ಬನಿಯ ಮೇಲೆ ಎರಡು ಸಾಲು ಹೆಜ್ಜೆ

"ಅಲ್ಲೇ ನಿಲ್ಲಿ! ಹಿಂದಕ್ಕೆ ಇನ್ನೊಂದು ಹೆಜ್ಜೆ ಇಡಬೇಡಿ!"

ಆ ಗಂಡುದನಿಗೆ ಅವಳ ಜೀವ ಬಾಯಿಗೆ ಬಂತು. ಸಿಕ್ಕಿಬಿದ್ದೆ... ಮುಗೀತು ನನ್ನ ಕಥೆ!

ಸೂರ್ಯ ಇನ್ನೂ ಬೆಟ್ಟದ ಬೆನ್ನ ಹಿಂದೆಯೇ ಇದ್ದ. ಅದು ಗಾಲ್ಫ್ ಮೈದಾನದ ಒಂಬತ್ತನೆಯ, ಕೊನೆಯ ಅಂಗಳ. ಮಖಮಲ್ಲಿನಂತೆ ಕತ್ತರಿಸಿದ ಹುಲ್ಲು, ಬಾವುಟ ನೆಟ್ಟ ಸಣ್ಣ ಕುಳಿ, ಮೂರು ಕಡೆ ಕಣಿವೆ. ಚೆಂಡಿನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಸರಿಯುತ್ತಿದ್ದವಳು ತಿರುಗಿ ನೋಡಿದಳು. ಹಿಮ್ಮಡಿಯಿಂದ ಒಂದು ಗೇಣು ಆಚೆ ನೆಲವೇ ಇರಲಿಲ್ಲ!

ಮರುಕ್ಷಣ ಅವನ ಕೈ ಅವಳ ಮುಂಗೈ ಹಿಡಿದು ಈಚೆಗೆ ಎಳೆದಿತ್ತು.

"ಆಡೋಕೆ ಬಂದ್ರಾ, ಸಾಯೋಕೆ ಬಂದ್ರಾ?"

"ಸಾಯೋಕಾದ್ರೆ ಪರ್ಮಿಷನ್ ಬೇಕಿಲ್ಲ. ಆಡೋಕೇ ಬೇಕು. ಅದಕ್ಕೇ ಕದ್ದು ಬಂದಿದ್ದೀನಿ!"

ಅವನಿಗೆ ನಗು ಬಂದರೂ ತುಟಿಯಲ್ಲೇ ತಡೆದುಕೊಂಡ.

ಅವಳು ಅಲ್ಲಿಯ ಕ್ಯಾಡಿ. ಮೆಂಬರುಗಳ ಕೋಲುಗಳ ಚೀಲ ಹೊತ್ತು ಒಂಬತ್ತು ಕುಳಿಯ ಬೆಟ್ಟ ಹತ್ತಿಳಿಯುವುದು, ಯಾವ ಇಳಿಜಾರಿನಲ್ಲಿ ಚೆಂಡು ಎತ್ತ ಹೊರಳುತ್ತದೆಂದು ಪಿಸುಗುಡುವುದು ಅವಳ ಕೆಲಸ. ಗೆದ್ದರೆ ಸಾಹೇಬರ ಕೈಚಳಕ, ಸೋತರೆ ಕ್ಯಾಡಿಯ ಕುರುಡುಗಣ್ಣು! ಅವಳಪ್ಪ ಮೂವತ್ತು ವರ್ಷ ಹೊತ್ತು ಬಲಭುಜ ಇಳಿಬಿಟ್ಟುಕೊಂಡು ಮನೆ ಸೇರಿದ್ದ. ಆ ಮೈದಾನದ ಹುಲ್ಲುಕಡ್ಡಿ ಹುಲ್ಲುಕಡ್ಡಿಯೂ ಅವನಿಗೆ ಪರಿಚಯ. ಆದರೆ ಅಲ್ಲಿ ಒಂದೇ ಒಂದು ಚೆಂಡನ್ನೂ ಅವನು ಹೊಡೆದಿರಲಿಲ್ಲ. 'ಕ್ಯಾಡಿಗಳು ಆಡುವಂತಿಲ್ಲ' ಎಂಬ ಬೋರ್ಡು ಬಾಗಿಲಲ್ಲೇ ಇತ್ತು.

ಅವನು ಹೊಸದಾಗಿ ಬಂದಿದ್ದ ಹುಲ್ಲಿನ ಕೆಲಸದವನು. ದಿನಾ ನಸುಕಿಗೆ ಹಳೆಯ ಕುಳಿ ಮುಚ್ಚಿ, ಬೇರೆ ಜಾಗದಲ್ಲಿ ಹೊಸದು ತೋಡಿ, ಉದ್ದನೆಯ ಬಳುಕುಕೋಲು ಬೀಸಿ ಇಬ್ಬನಿ ಕೊಡವುವುದು ಅವನ ಪಾಲಿನ ಕೆಲಸ.

"ಮ್ಯಾನೇಜರ್‌ಗೆ ಹೇಳಿಬಿಡ್ತೀರಾ?" ಅವಳ ದನಿ ಸಣ್ಣದಾಯಿತು.

"ನಾನ್ಯಾಕೆ ಹೇಳಲಿ? ನಿಮ್ಮ ಹೆಜ್ಜೆಗಳೇ ಹೇಳ್ತಿವೆ ನೋಡಿ."

ನಿಜ! ಬೆಳ್ಳನೆಯ ಇಬ್ಬನಿಯ ಮೇಲೆ ಅವಳು ನಿಂತದ್ದು, ಕೂತದ್ದು, ಚೆಂಡಿನ ಹಿಂದೆ ಓಡಿದ್ದು ಎಲ್ಲ ಅಚ್ಚೊತ್ತಿತ್ತು. ಅವನು ಕೋಲನ್ನು ನಾಲ್ಕು ಸಲ ಬೀಸಿದ. ಯಾರೂ ಬಂದೇ ಇಲ್ಲವೆಂಬಂತೆ ಅಂಗಳ ಹಸಿರಾಯಿತು.

"ನಾಳೆ ಇನ್ನೂ ಸ್ವಲ್ಪ ಬೇಗ ಬನ್ನಿ," ಎಂದ. "ಮತ್ತೆ... ಹಿಂದೆ ನೋಡಿಕೊಂಡು ನಡೀರಿ."

*

ಮೂರು ತಿಂಗಳು ಹಾಗೇ ಸರಿದವು. ಅವಳು ಆಡುವುದು, ಅವನು ಅಳಿಸುವುದು.

ಕ್ಯಾಡಿಗಳು ಅವನಿಗೆ 'ಹುಲ್ಲಪ್ಪ' ಎಂದು ಹೆಸರಿಟ್ಟಿದ್ದರು. ಮಾತು ಕಮ್ಮಿ. ಬಾಯಿ ಬಿಟ್ಟರೆ ಮಣ್ಣು, ಬೇರು, ತೇವ... ಅಷ್ಟೇ. ಆದರೂ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಂಚಿಕೊಳ್ಳುತ್ತ ಒಂದು ದಿನ 'ನೀವು' ಹೋಗಿ 'ನೀನು' ಬಂದುಬಿಟ್ಟಿತ್ತು. ಯಾರು ಮೊದಲು ಅಂದರೋ, ಇಬ್ಬರಿಗೂ ನೆನಪಿಲ್ಲ.

"ನಿಂಗೆ ಯಾವುದು ಕಷ್ಟ?" ಎಂದು ಅವನೊಮ್ಮೆ ಕೇಳಿದ್ದ.

"ಈ ಅಂಗಳದ ಬಲಮೂಲೆ. ಕಣ್ಣಿಗೆ ಏರು ಅನ್ಸುತ್ತೆ, ಹೊಡೆದ್ರೆ ಚೆಂಡು ಕಣಿವೆ ಕಡೆ ಓಡುತ್ತೆ. ಅಲ್ಲಿ ಕುಳಿ ಬಿತ್ತು ಅಂದ್ರೆ ನಾನು ಮುಗಿದಂಗೆ! ಯಾರಿಗೂ ಹೇಳಬೇಡ ಮತ್ತೆ."

ಅಪ್ಪ ಕೆಲಸ ಬಿಟ್ಟ ಮೇಲೆ, ವರ್ಷಕ್ಕೊಂದೇ ದಿನ ಕ್ಯಾಡಿಗಳಿಗೂ ಆಟ ಶುರುವಾಗಿತ್ತು. ಈ ಸಲದ್ದು ಬರೀ ಆಟವಲ್ಲ. ಬರುವ ತಿಂಗಳಿಂದ ಚೀಲ ಹೊರಲು ಬ್ಯಾಟರಿ ಗಾಡಿಗಳು ಬರುತ್ತಿದ್ದವು, ಕ್ಯಾಡಿಗಳೆಲ್ಲ ಮನೆಗೆ. ಗೆದ್ದ ಒಬ್ಬರಿಗೆ ಮಾತ್ರ ಆಟ ಕಲಿಸುವ ಕೆಲಸ, ಮುಂಬಾಗಿಲಿಂದ ಒಳಗೆ ಬರುವ ಹಕ್ಕು. ಹೊರುವ ಬೆನ್ನು ಬೇಡವೆಂದು ಗಾಡಿ ತಂದವರು ಒಂದು ಮೆದುಳಿಗಷ್ಟೇ ಜಾಗ ಇಟ್ಟಿದ್ದರು!

ಹಿಂದಿನ ದಿನ ಅವಳು ಸಲಿಗೆಯಿಂದ ಕೇಳಿದಳು. "ನಾಳೆ ಕೊನೇ ಕುಳಿ ಎಲ್ಲಿ ತೋಡ್ತೀಯಾ?"

ಅವನು ಮುಖ ತಿರುಗಿಸಿದ. "ಅದೊಂದು ಕೇಳಬೇಡ."

ಅವಳೆದೆಯಲ್ಲಿ ಸಣ್ಣ ಮುಳ್ಳೊಂದು ಚುಚ್ಚಿತು.

*

ಎಂಟು ಕುಳಿ ಮುಗಿದಾಗ ಕಣದಲ್ಲಿ ಉಳಿದವರು ಇಬ್ಬರೇ. ಅವಳು, ಮತ್ತು ಎಲ್ಲರೂ 'ಮೀಸೆ' ಎಂದು ಕರೆಯುತ್ತಿದ್ದ ಹಿರಿಯ ಕ್ಯಾಡಿ. ಹೊಡೆತಗಳು ಸಮಸಮ.

ಕಣಿವೆಯ ಈಚೆ ಬದಿಯಿಂದ ಅವಳು ಒಂಬತ್ತನೆಯ ಬಾವುಟ ನೋಡಿದಳು.

ಬಲಮೂಲೆ! ಪ್ರಪಾತಕ್ಕೆ ಮೂರೇ ಹೆಜ್ಜೆ!

ಇದು ಗೊತ್ತಿದ್ದವನು ಒಬ್ಬನೇ... ಒಬ್ಬನೇ!

"ನಿನ್ನೆ ಸಂಜೆ ಹುಲ್ಲಪ್ಪ ಮ್ಯಾನೇಜರ್ ರೂಮಲ್ಲಿ ಅರ್ಧ ಗಂಟೆ ಕೂತಿದ್ದ ಕಣಮ್ಮಾ," ಮೀಸೆ ತಿರುವುತ್ತ ಅಂದ ಆ ಹಿರಿಯ ಕ್ಯಾಡಿ. "ಏನ್ ವ್ಯವಹಾರವೋ!"

ಮೀಸೆ ನಾಲ್ಕು ಹೊಡೆತದಲ್ಲಿ ಮುಗಿಸಿದ. ಅವಳು ಗೆಲ್ಲಬೇಕಾದರೆ ಮೂರು. ಮೊದಲನೆಯದು ಕಣಿವೆ ದಾಟಿ ಬಂಡೆಯ ಬುಡದಲ್ಲಿ ಬಿತ್ತು. ಎರಡನೆಯದು ಅಂಗಳ ಸೇರಿತು. ಕುಳಿ ಇನ್ನೂ ಹತ್ತು ಹೆಜ್ಜೆ ದೂರ.

ಅಂಗಳದ ಅಂಚಿನಲ್ಲಿ ಅವನು ಕೋಲು ಹಿಡಿದು ನಿಂತಿದ್ದ. ಆಡುವವರೊಡನೆ ಕೆಲಸದವರು ಮಾತಾಡುವಂತಿಲ್ಲ. ಅವಳೇ ಹತ್ತಿರ ಹೋದಳು.

"ನೀವು ಇಷ್ಟು ದಿನ ಅಳಿಸಿದ್ದು ನನ್ನ ಹೆಜ್ಜೆಗಳನ್ನಲ್ಲ. ನನ್ನನ್ನೇ!"

'ನೀವು'! ಆ ಒಂದು ಮಾತಿಗೆ ಅವನ ಮುಖ ಬಿಳಿಚಿತು.

ಜನರ ಹಿಂದಿನಿಂದ ಅಪ್ಪನ ದನಿ ಕೇಳಿತು. "ಮಗಳೇ! ಕಣ್ಣನ್ನ ನಂಬಬೇಡ್ವೇ, ಅದು ಸಾಹೇಬರ ಥರ, ಸುಳ್ಳು ಹೇಳುತ್ತೆ. ಕಾಲನ್ನ ನಂಬು!"

ಅವಳು ಶೂ ಬಿಚ್ಚಿದಳು. ಯಾರೋ ನಕ್ಕರು. ನಗಲಿ! ಬರಿಗಾಲಿನಲ್ಲಿ ಚೆಂಡಿನಿಂದ ಕುಳಿಯವರೆಗೆ ಮೆಲ್ಲನೆ ನಡೆದಳು. ಏರೆಂದು ಕಣ್ಣು ಹೇಳಿದ ಕಡೆಯೇ ಭಾರವೆಲ್ಲ ಬಲಹೆಬ್ಬೆರಳಿಗೆ ಇಳಿಯುತ್ತಿತ್ತು. ನೆಲ ಕಣಿವೆಯತ್ತ ಜಾರುತ್ತಿದೆ... ಅಪ್ಪನ ಭುಜದ ಹಾಗೇ!

ಕುಳಿಗೆ ಬೆನ್ನು ಹಾಕಿದಂತೆ, ಬೆಟ್ಟದ ಕಡೆಗೆ ಗುರಿಯಿಟ್ಟು ಹೊಡೆದಳು.

ಚೆಂಡು ಮೇಲೇರಿತು. ನಿಂತಿತೆನ್ನುವಾಗ ಮನಸ್ಸು ಬದಲಿಸಿದಂತೆ ಬಾಗಿ ಕೆಳಗೆ ಹೊರಳಿತು. ಹೊರಳಿತು... ಹೊರಳಿತು...

ಟಕ್.

ಅಪ್ಪ ಚೀಲವೊಂದನ್ನು ತಬ್ಬಿಕೊಂಡು ಅತ್ತುಬಿಟ್ಟ.

"ಮೋಸ!" ಮೀಸೆ ಕೂಗಿದ. "ಕುಳಿ ತೋಡೋನು ಅವಳ ಕಡೆಯವ್ನು. ಅವಳಿಗೆ ಬೇಕಾದ ಕಡೆ ತೋಡಿದ್ದಾನೆ. ದಿನಾ ಬೆಳಿಗ್ಗೆ ಇಬ್ಬರೂ ಇಲ್ಲೇ ಇರ್ತಾರೆ, ಬೆಟ್ಟಕ್ಕೆಲ್ಲ ಗೊತ್ತು!"

ಮ್ಯಾನೇಜರ್ ಕೆಮ್ಮಿ, ಜೇಬಿನಿಂದ ಮಡಿಸಿದ ಕಾಗದ ತೆಗೆದು ಓದತೊಡಗಿದರು.

"'ನಾಳೆ ಆಡುವವರಲ್ಲಿ ಒಬ್ಬಳ ಮೇಲೆ ನನಗೆ ಮನಸ್ಸಿದೆ. ಅದಕ್ಕೇ ಕುಳಿ ತೋಡುವ ಕೆಲಸ ಬೇರೆಯವರಿಗೆ ಕೊಡಿ ಎಂದೆ. ಬೇರೆ ಯಾರಿಗೂ ಬರುವುದಿಲ್ಲ ಎಂದಿರಿ. ಹಾಗಾದರೆ ಕೊನೆಯ ಕುಳಿ ಅವಳಿಗೆ ಎಲ್ಲಕ್ಕಿಂತ ಕಷ್ಟವಾದ ಬಲಮೂಲೆಯಲ್ಲೇ ಇರುತ್ತದೆ. ಅವಳು ಗೆದ್ದರೆ ಅದು ಅವಳ ಗೆಲುವು. ನನ್ನ ಹೆಸರೆತ್ತಿ ಯಾರೂ ಅದನ್ನು ಕುಗ್ಗಿಸಬಾರದು.'" ಮ್ಯಾನೇಜರ್ ಕಾಗದ ಮಡಿಸಿದರು. "ಅರ್ಧ ಗಂಟೆ ಕೂತು ಬರೆದಿದ್ದು. ನಾಲ್ಕು ಕಾಗದ ಹಾಳು ಮಾಡಿದ, ಪುಣ್ಯಾತ್ಮ!"

ಗೊಳ್ಳೆಂದು ನಗೆಯೆದ್ದಿತು. ಮೀಸೆಯ ಮೀಸೆಯೇ ಜೋಲುಬಿತ್ತು. ಆಮೇಲೆ ಅವನೇ ಹತ್ತಿರ ಬಂದು ಅವಳ ತಲೆ ಮುಟ್ಟಿದ. "ಕಲಿಸೋ ಕೆಲಸ ನಿಂದೇ ತಾಯಿ. ನನ್ನ ಮಗಳನ್ನ ಮೊದಲು ಸೇರಿಸ್ಕೋ."

"ಆ ಬೋರ್ಡು ಕೆಳಗಿಳಿದ ದಿನವೇ ಶುರು ಮಾಡ್ತೀನಣ್ಣ," ಎಂದಳು ಅವಳು, ಮ್ಯಾನೇಜರ್ ಮುಖವನ್ನೇ ನೋಡುತ್ತ.

ಮತ್ತೆ ತಿರುಗಿ ನೋಡಿದರೆ ಅಂಗಳದ ಅಂಚು ಖಾಲಿ. ಹುಲ್ಲಪ್ಪ ಇರಲಿಲ್ಲ.

*

ಮರುದಿನ ನಸುಕಿಗೆ ಅವಳು ಮುಂಬಾಗಿಲಿಂದ ಬಂದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಆ ಬೋರ್ಡಿದ್ದ ಜಾಗದಲ್ಲಿ ಬೆಳ್ಳನೆಯ ಚೌಕವೊಂದು ಉಳಿದಿತ್ತು.

ಒಂಬತ್ತನೆಯ ಅಂಗಳದಲ್ಲಿ ಅವನು ಹಳೆಯ ಕುಳಿ ಮುಚ್ಚುತ್ತಿದ್ದ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೆಳಿಗ್ಗೆನೇ ಬಂದು ಆ ಮೂಲೇಲಿ ಅಭ್ಯಾಸ ಮಾಡಿರ್ತಿದ್ರಿ. ಅದೂ ಮೋಸವೇ ಅಲ್ವಾ?"

"ಸೋತಿದ್ರೆ?"

ಅವನು ಕುಳಿಗೆ ಇನ್ನೊಂದು ಹಿಡಿ ಮಣ್ಣು ತುಂಬಿ, ತುಂಬಿದ್ದನ್ನೇ ಮತ್ತೆ ಮತ್ತೆ ತಟ್ಟಿದ. ಅವನೂ ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದನೆಂದು ಅವಳಿಗೆ ತಿಳಿಯಿತು. ಸಿಟ್ಟು ಕರಗಿತು... ಆದರೆ ಪೂರ್ತಿ ಅಲ್ಲ.

"ಕೇಳು. ಇನ್ಮೇಲೆ ನನ್ನ ಕಷ್ಟ ಎಲ್ಲಿರಬೇಕು ಅಂತ ನೀನೊಬ್ಬನೇ ತೀರ್ಮಾನ ಮಾಡಬಾರದು. ನನ್ನನ್ನ ಕೇಳಬೇಕು."

ಅವನು ತಟ್ಟನೆ ತಲೆಯೆತ್ತಿದ. "ಏನಂದ್ರಿ? 'ನೀನು' ಅಂದ್ರಾ?"

"ಕಿವಿ ಚೆನ್ನಾಗೇ ಇದೆಯಲ್ಲ! ಮನಸ್ಸಿದೆ ಅನ್ನೋದನ್ನ ಮ್ಯಾನೇಜರ್‌ಗೆ ಮೊದಲು ಹೇಳಿದ್ಯಲ್ಲೋ, ಮಾರಾಯಾ. ಅವರನ್ನೇ ಕಟ್ಕೋತೀಯಾ?"

"ಅವರು ಒಪ್ಪಲಿಲ್ಲ," ಅವನು ಗಂಭೀರವಾಗಿಯೇ ಅಂದ. ಆಮೇಲೆ ದನಿ ತಗ್ಗಿತು. "ನೀನು ಒಪ್ತೀಯಾ?"

ಮೊದಲ ದಿನ ತನ್ನನ್ನು ಪ್ರಪಾತದಿಂದ ಎಳೆದ ಆ ಮಣ್ಣಿನ ಕೈಯನ್ನು ಹಿಡಿದುಕೊಂಡಳು. ಇಬ್ಬರೂ ಅಂಗಳದ ಆ ತುದಿಯವರೆಗೆ ನಡೆದರು.

ಬಿಸಿಲು ಬೆಟ್ಟದ ಮೇಲೆ ಕಾಲಿಟ್ಟಿತು. ಅವನು ಕೋಲೆತ್ತಿ ಅಂಗಳವನ್ನೆಲ್ಲ ಕೊಡವಿದ. ನಡುವಿನ ಎರಡು ಸಾಲು ಹೆಜ್ಜೆಗಳನ್ನು ಮಾತ್ರ ಹಾಗೇ ಬಿಟ್ಟ.

"ಅವನ್ನ ಅಳಿಸಲ್ವಾ?"

"ಕದ್ದು ಬಂದವಳದ್ದು ಅಳಿಸ್ತಿದ್ದೆ," ಅವನು ಕೋಲು ಕೆಳಗಿಟ್ಟ. "ಬಾಗಿಲಿಂದ ಬಂದವಳದ್ದು ಇರಲಿ ಬಿಡು. ಎಲ್ಲರೂ ನೋಡಲಿ."